ಮುದ್ದೆಯ ಕ್ಯಾಲ್ಸಿಯಂ, ನುಗ್ಗೆ ಸೊಪ್ಪಿನ ಕ್ಯಾಲ್ಸಿಯಂ

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿಯೋ, ನುಗ್ಗೆ ಸೊಪ್ಪಿನಲ್ಲಿ ಜಾಸ್ತಿಯೋ? ಮೂಳೆ ಸವೆತ, ರಕ್ತಹೀನತೆ ಎಂದು ಆಹಾರ ಸಲಹೆಗೆ ಬರುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕ ತೆರೆದರೆ ಉತ್ತರ ಕೂಡಲೇ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ, 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ 314 ಮಿಲಿಗ್ರಾಂ. ಇಷ್ಟು ನೋಡಿ ರಾಗಿಯೇ ಮೇಲು ಎಂದು ಪುಸ್ತಕ ಮುಚ್ಚುವವರೇ ಹೆಚ್ಚು. ಎಡವುವುದು ಇಲ್ಲೇ.

ರಾಗಿ ಒಣ ಕಾಳು. ಅದರಲ್ಲಿ ನೀರು ನೂರಕ್ಕೆ 11 ಭಾಗ ಮಾತ್ರ. ನುಗ್ಗೆ ಸೊಪ್ಪಿನಲ್ಲಿ ನೀರೇ 76 ಭಾಗ. ಹಾಗಾಗಿ ಕೋಷ್ಟಕದ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಒಂದು ಕಡೆ ಒಣ ಪದಾರ್ಥ, ಇನ್ನೊಂದು ಕಡೆ ಮುಕ್ಕಾಲು ಪಾಲು ನೀರು ತೂಗುತ್ತಿರುತ್ತೇವೆ. ನೀರು ಬಿಟ್ಟು ಒಣ ತೂಕಕ್ಕೆ ಲೆಕ್ಕ ಹಾಕಿದರೆ ರಾಗಿ ಸುಮಾರು 410ಕ್ಕೆ ನಿಲ್ಲುತ್ತದೆ, ನುಗ್ಗೆ ಸೊಪ್ಪು 1,290 ದಾಟುತ್ತದೆ. ಇನ್ನೊಂದು ಬಗೆಯಲ್ಲೂ ನೋಡಬಹುದು. 100 ಗ್ರಾಂ ರಾಗಿ ಕೊಡುವ ಶಕ್ತಿ 320 ಕ್ಯಾಲೊರಿ, ಅಷ್ಟೇ ಸೊಪ್ಪು ಕೊಡುವುದು 67. ಅಂದರೆ 100 ಕ್ಯಾಲೊರಿಯಷ್ಟು ರಾಗಿ ತಿಂದವರಿಗೆ ಸಿಗುವ ಕ್ಯಾಲ್ಸಿಯಂ 114 ಮಿಲಿಗ್ರಾಂ, ಅಷ್ಟೇ ಕ್ಯಾಲೊರಿಯ ಸೊಪ್ಪಿನಿಂದ ಸಿಗುವುದು 470ರ ಹತ್ತಿರ. ತೂಕ ಇಳಿಸಬೇಕಾದವರಿಗೆ ಈ ಲೆಕ್ಕ ಮುಖ್ಯ.

ಆದರೆ 100 ಕ್ಯಾಲೊರಿಗೆ ಒಂದೂವರೆ ನೂರು ಗ್ರಾಂ ನುಗ್ಗೆ ಸೊಪ್ಪು ಬೇಕು. ಅಷ್ಟನ್ನು ಒಂದು ಊಟದಲ್ಲಿ ಯಾರೂ ತಿನ್ನುವುದಿಲ್ಲ. ಆದ್ದರಿಂದ ತಟ್ಟೆಯ ಲೆಕ್ಕಕ್ಕೇ ಬರಬೇಕು.

ಸಾಧಾರಣ ಗಾತ್ರದ ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹಿಡಿಯುತ್ತದೆ. ನೀರು ಕುಡಿದು ಬೆಂದ ಮೇಲೆ ಮುದ್ದೆಯ ತೂಕ 300 ಗ್ರಾಂ ಸುಮಾರಿಗೆ ಬರುತ್ತದೆ. 100 ಗ್ರಾಂ ಹಿಟ್ಟಿನ 364 ಮಿಲಿಗ್ರಾಂ ಕ್ಯಾಲ್ಸಿಯಂ ಈ ಇಡೀ ಮುದ್ದೆಯಲ್ಲಿ ಹಂಚಿರುತ್ತದೆ. 100 ಗ್ರಾಂ ಮುದ್ದೆಯಲ್ಲೇ 364 ಇದೆ ಎಂದು ಬರೆಯುವವರು ಒಣ ಹಿಟ್ಟಿನ ಅಂಕಿಯನ್ನು ಬೆಂದ ಮುದ್ದೆಗೆ ಅಂಟಿಸಿರುತ್ತಾರೆ. ಮುದ್ದೆಯ ತೂಕಕ್ಕೆ ಲೆಕ್ಕ ಹಾಕಿದರೆ 100 ಗ್ರಾಂಗೆ ಬರುವುದು 120ರಷ್ಟು. ಇನ್ನು ಸೊಪ್ಪು. ಮಾರುಕಟ್ಟೆಯಿಂದ ತಂದ ನುಗ್ಗೆ ಕಟ್ಟನ್ನು ಕಡ್ಡಿ ಬಿಡಿಸಿ ಎಲೆ ಉದುರಿಸಿದರೆ ಕೈಗೆ ಸಿಗುವುದು ಕಟ್ಟಿನ ತೂಕದ ಅರ್ಧ, ಕೆಲವೊಮ್ಮೆ ಅದಕ್ಕೂ ಕಡಿಮೆ. ಬಾಣಲೆಗೆ ಹಾಕಿದಾಗ ರಾಶಿಯಂತೆ ಕಂಡದ್ದು ಐದು ನಿಮಿಷದಲ್ಲಿ ತಳಕ್ಕೆ ಕುಸಿಯುತ್ತದೆ. ಒಬ್ಬರ ಪಾಲಿಗೆ ಬರುವುದು ಹಸಿ ತೂಕದಲ್ಲಿ 50 ಗ್ರಾಂ ಎಂದಿಟ್ಟುಕೊಂಡರೆ ಕ್ಯಾಲ್ಸಿಯಂ 157 ಮಿಲಿಗ್ರಾಂ.

ಎರಡೂ ಸೇರಿ 520. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ. ಒಂದೇ ಊಟದಲ್ಲಿ ಅರ್ಧ ಮುಗಿಯಿತು. ಅದೇ ಮುದ್ದೆಯ ಜಾಗದಲ್ಲಿ 100 ಗ್ರಾಂ ಅಕ್ಕಿಯ ಅನ್ನ ಇದ್ದಿದ್ದರೆ ಧಾನ್ಯದಿಂದ ಬರುತ್ತಿದ್ದದ್ದು ಬರೀ 7 ಮಿಲಿಗ್ರಾಂ. ಮಂಡ್ಯ, ಹಾಸನ, ತುಮಕೂರು, ಕೋಲಾರದ ಮನೆಗಳಲ್ಲಿ ಮುದ್ದೆ ವಾರಕ್ಕೊಮ್ಮೆಯ ಅಡುಗೆಯಾಗುತ್ತಿರುವಾಗ ಕೈಬಿಡುತ್ತಿರುವುದು ಏನನ್ನು ಎಂಬುದು ಈ ಒಂದು ಅಂಕಿಯಲ್ಲೇ ಕಾಣುತ್ತದೆ. ಉತ್ತರ ಕರ್ನಾಟಕದ ಲೆಕ್ಕ ಬೇರೆ. ಜೋಳದಲ್ಲಿ 100 ಗ್ರಾಂಗೆ ಕ್ಯಾಲ್ಸಿಯಂ 28 ಮಿಲಿಗ್ರಾಂ ಮಾತ್ರ. ರೊಟ್ಟಿ ಊಟದಲ್ಲಿ ಆ ಕೊರತೆ ತುಂಬುವುದು ಸೊಪ್ಪಿನ ಪಲ್ಯ, ಮೊಸರು, ಎಳ್ಳು. ಬದಿಗಿರುವುದು ಬರೀ ಬದನೆಕಾಯಿ ಎಣ್ಣೆಗಾಯಿಯಾದರೆ ಕ್ಯಾಲ್ಸಿಯಂ ಕಡಿಮೆಯೇ.

ತಟ್ಟೆಗೆ ಬಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ ಎಂಬುದು ಮುಂದಿನ ಮಾತು. ಸೊಪ್ಪಿನಲ್ಲಿ ಅಡ್ಡ ಬರುವುದು ಆಕ್ಸಲೇಟ್. ಅದು ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಅಂಟಿಕೊಂಡು ಕರುಳಿನಲ್ಲಿ ಕರಗದ ಹರಳಾಗುತ್ತದೆ. ಪಾಲಕ್‌ ಸೊಪ್ಪಿನ ಕ್ಯಾಲ್ಸಿಯಂನಲ್ಲಿ ದೇಹ ಹೀರಿಕೊಳ್ಳುವುದು ನೂರಕ್ಕೆ ಐದರಷ್ಟು ಮಾತ್ರ. ಹಾಲಿನಲ್ಲಿ ಇದು ಕಾಲು ಭಾಗಕ್ಕಿಂತ ಹೆಚ್ಚು. ದಂಟಿನ ಸೊಪ್ಪಿನ ಅಂಕಿ ಕೋಷ್ಟಕದಲ್ಲಿ ಚೆನ್ನಾಗಿದೆ, 330 ಮಿಲಿಗ್ರಾಂ, ನುಗ್ಗೆಗಿಂತಲೂ ಮೇಲೆ. ಆದರೆ ಅದರಲ್ಲೂ ಆಕ್ಸಲೇಟ್ ಬಹಳ. ನುಗ್ಗೆಯಲ್ಲಿ ಇವೆರಡಕ್ಕಿಂತ ಬಹಳ ಕಡಿಮೆ. ಕ್ಯಾಲ್ಸಿಯಂಗಾಗಿಯೇ ಸೊಪ್ಪು ಆರಿಸುವುದಾದರೆ ನುಗ್ಗೆಗೆ ಮೊದಲ ಸ್ಥಾನ ಕೊಡುವುದು ಇದಕ್ಕೇ. ಪಾಲಕ್ ಬೇಡ ಎಂದಲ್ಲ, ಬಿ ಗುಂಪಿನ ಜೀವಸತ್ವವಾದ ಫೋಲೇಟ್‌ಗೆ ಅದು ಒಳ್ಳೆಯದು. ಕ್ಯಾಲ್ಸಿಯಂ ಪಟ್ಟಿಯಲ್ಲಿ ಮಾತ್ರ ಅದನ್ನು ಎಣಿಸಬೇಡಿ.

ರಾಗಿಯಲ್ಲಿ ಅಡ್ಡ ಬರುವುದು ಫೈಟೇಟ್ ಮತ್ತು ಟ್ಯಾನಿನ್. ಕಾಳಿನ ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಬಿಳಿ ರಾಗಿಯಲ್ಲಿ ಅದು ಕಡಿಮೆ. ತೊಡಕೇನೆಂದರೆ ರಾಗಿಯ ಕ್ಯಾಲ್ಸಿಯಂನ ದೊಡ್ಡ ಪಾಲೂ ಅದೇ ಸಿಪ್ಪೆಯಲ್ಲಿದೆ. ಹಿಟ್ಟು ನುಣ್ಣಗಿರಲಿ, ಮುದ್ದೆ ಬೆಳ್ಳಗಿರಲಿ ಎಂದು ಸಣ್ಣ ಕಣ್ಣಿನ ಜರಡಿ ಹಿಡಿದು ಮೇಲುಳಿದ ತೌಡನ್ನು ಚೆಲ್ಲಿದರೆ ಕ್ಯಾಲ್ಸಿಯಂ, ನಾರು ಎರಡನ್ನೂ ಚೆಲ್ಲಿದಂತೆ. ಮುದ್ದೆ ಹಿಟ್ಟಿಗೆ ಜರಡಿಯೇ ಬೇಡ. ಗಿರಣಿಯಲ್ಲಿ ನುಣ್ಣಗೆ ಬೀಸಿಸಿದರೆ ಸಾಕು. ಆರು ತಿಂಗಳು ತುಂಬಿದ ಕೂಸಿನ ರಾಗಿ ಸರಿಯ ಹಿಟ್ಟನ್ನು ಬಟ್ಟೆಯಲ್ಲಿ ಸೋಸುವುದು ಸರಿಯೇ, ಕೂಸಿನ ಹೊಟ್ಟೆಗೆ ಅಷ್ಟು ನಾರು ಭಾರ. ಆ ಹಿಟ್ಟಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿರುತ್ತದೆ ಎಂಬುದು ಮಾತ್ರ ನೆನಪಿರಲಿ.

ಫೈಟೇಟ್ ತಗ್ಗಿಸಲು ಇರುವ ಒಳ್ಳೆಯ ದಾರಿ ಮೊಳಕೆ. ಒಂದು ಕಿಲೋ ರಾಗಿಯನ್ನು ಕಲ್ಲು ಆರಿಸಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, 10–12 ಗಂಟೆ ನೆನೆಸಿಡಿ. ನೀರು ಪೂರ್ತಿ ಬಸಿದ ಮೇಲೆಯೇ ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಗಂಟಿನ ತಳದಲ್ಲಿ ನೀರು ನಿಂತರೆ ಕಾಳು ಲೋಳೆಗಟ್ಟಿ ಹುಳಿ ವಾಸನೆ ಬರುತ್ತದೆ, ಅದನ್ನು ಬಳಸಬಾರದು. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸುತ್ತಿದ್ದರೆ 24ರಿಂದ 36 ಗಂಟೆಯಲ್ಲಿ ಬಿಳಿ ಮೊಳಕೆ ಕಾಣುತ್ತದೆ. ತೆಳ್ಳಗೆ ಹರಡಿ, ಹಲ್ಲಿಗೆ ಕಚ್ಚಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ತೂರಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿಯಿರಿ. ಕಪ್ಪಗಾಗುವಂತೆ ಹುರಿದರೆ ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಸತ್ತುಹೋಗುತ್ತದೆ. ಗಂಜಿ ಕಾಯಿಸುವಾಗ ಪಿಷ್ಟ ಒಡೆದು ಅದನ್ನು ತೆಳ್ಳಗೆ ಮಾಡುವುದು ಈ ಕಿಣ್ವವೇ. ತೆಳ್ಳಗಿದ್ದರೆ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಸೇರಿಸಬಹುದು, ಎರಡು ಗುಟುಕಿಗೇ ಸಾಕೆನ್ನುವ ಮಗುವಿಗೂ ಹೆಚ್ಚು ಶಕ್ತಿ ಸಿಗುತ್ತದೆ. ಈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ, ಅಂಟು ಬರುವುದಿಲ್ಲ, ಕೋಲಿಗೆ ಸಿಗದೆ ಸಡಿಲಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಪಿಷ್ಟ ಒಡೆದಿರುವ ಕಾರಣಕ್ಕೇ ಈ ಮೊಳಕೆ ಹಿಟ್ಟಿನ ಗಂಜಿ, ಅಂದರೆ ಮಾಲ್ಟ್, ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮಗುವಿಗೆ ಒಳ್ಳೆಯದಾದದ್ದು ಅಜ್ಜನಿಗೆ ಒಳ್ಳೆಯದಾಗಬೇಕಿಲ್ಲ. ಮುದ್ದೆಯೂ ಲೆಕ್ಕವಿಲ್ಲದೆ ತಿನ್ನುವ ಪದಾರ್ಥವಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಯಲ್ಲಿ 78. ರಾಗಿಯ 11 ಗ್ರಾಂ ನಾರು ಸಹಾಯಕ್ಕೆ ಬರುತ್ತದೆ ನಿಜ, ಆದರೆ ಎರಡು ಮುದ್ದೆ ತಿಂದು ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಅದು ಏನು ಮಾಡೀತು? ಒಂದು ಮುದ್ದೆ, ಎರಡು ಸೌಟು ಸೊಪ್ಪು ಕಾಳಿನ ಸಾರು, ಒಂದು ಬಟ್ಟಲು ಪಲ್ಯ ಎಂದು ಅಳೆದುಕೊಳ್ಳುವುದು ವಾಸಿ.

ಕಬ್ಬಿಣಾಂಶದ ಮಾತಿಗೆ ಬಂದರೆ ಕೋಷ್ಟಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ರಾಗಿಯಲ್ಲಿ 4.62, ನುಗ್ಗೆ ಸೊಪ್ಪಿನಲ್ಲಿ 4.56 ಮಿಲಿಗ್ರಾಂ. ಮೇಲೆ ಹೇಳಿದ ಊಟದಿಂದ ಒಟ್ಟು 7 ಮಿಲಿಗ್ರಾಂ ಬರುತ್ತದೆ. ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಶಿಫಾರಸು ಮಾಡಿರುವುದು 29. ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದೇ ಅಷ್ಟಕ್ಕಷ್ಟೆ. ಅದನ್ನು ಹೆಚ್ಚಿಸುವುದು ಅದೇ ಊಟದಲ್ಲಿರುವ ಸಿ ಜೀವಸತ್ವ. ರಾಗಿಯಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಹಸಿ ನುಗ್ಗೆ ಸೊಪ್ಪಿನಲ್ಲಿ 108 ಮಿಲಿಗ್ರಾಂ ಇದೆ. ಸೊಪ್ಪು ಮುದ್ದೆಗೆ ಜೋಡಿಯಾಗುವುದು ಇಲ್ಲಿ. ಬೇಯಿಸುವ ಮನೆಯಲ್ಲೇ ಅದನ್ನು ಕಳೆದುಕೊಳ್ಳುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಹಿಂದಿನ ರಾತ್ರಿಯೇ ಎಲೆ ಬಿಡಿಸಿ ತೆರೆದಿಡುವುದು, ಹೆಚ್ಚಿದ ಮೇಲೆ ತೊಳೆಯುವುದು, ಮುಚ್ಚಳ ತೆಗೆದು ಅರ್ಧ ಗಂಟೆ ಕುದಿಸುವುದು, ಬೆಳಗಿನ ಸಾರನ್ನು ರಾತ್ರಿ ಮತ್ತೆ ಕಾಯಿಸುವುದು, ಒಂದೊಂದರಲ್ಲೂ ಸಿ ಜೀವಸತ್ವ ಹೋಗುತ್ತದೆ. ಕಡ್ಡಿಯಲ್ಲಿರುವಾಗಲೇ ತೊಳೆದು, ನೀರು ಒದರಿ, ಆಮೇಲೆ ಎಲೆ ಬಿಡಿಸಿ. ಬೇಳೆ ಕಾಳು ಮೊದಲು ಬೆಂದಿರಲಿ, ಸೊಪ್ಪು ಕೊನೆಗೆ ಬೀಳಲಿ. ಐದಾರು ನಿಮಿಷ ಮುಚ್ಚಿ ಬೇಯಿಸಿದರೆ ಎಳೆ ಎಲೆ ಮೆತ್ತಗಾಗುತ್ತದೆ.

ನಿಂಬೆ ಹಿಂಡಿದರೆ ಕಬ್ಬಿಣ ಹತ್ತುತ್ತದೆ ಎಂಬ ಸಲಹೆ ಎಲ್ಲೆಡೆ ಇದೆ. ದಿಕ್ಕು ಸರಿ, ಅಳತೆ ಸಾಲದು. ಅರ್ಧ ಹೋಳು ನಿಂಬೆಯಿಂದ ಬರುವ ಒಂದು ಚಮಚ ರಸದಲ್ಲಿ ಸಿ ಜೀವಸತ್ವ ಏಳೆಂಟು ಮಿಲಿಗ್ರಾಂ ಇದ್ದೀತು. 30 ಗ್ರಾಂ ಸೀಬೆಹಣ್ಣಿನ ಹೋಳಿನಲ್ಲಿ 60 ದಾಟುತ್ತದೆ, ಹಸಿ ನೆಲ್ಲಿಕಾಯಿಯ ಚಟ್ನಿಯೂ ಅದಕ್ಕೆ ಸಮ. ಊಟದ ಜೊತೆಯಲ್ಲೇ ತಿನ್ನಬೇಕು, ಸಂಜೆ ತಿಂದರೆ ಮಧ್ಯಾಹ್ನದ ಮುದ್ದೆಗೆ ಉಪಯೋಗವಿಲ್ಲ. ಊಟ ಮುಗಿಯುತ್ತಿದ್ದಂತೆ ಕಾಫಿ, ಚಹಾ ಕುಡಿಯುವವರು ಒಂದು ಗಂಟೆಯಾದರೂ ತಡೆಯಲಿ.

ಬಸ್ಸಾರಿನ ವಿಚಾರದಲ್ಲಿ ಹಳೇ ಮೈಸೂರಿನ ಅಡುಗೆಯನ್ನು ಮೆಚ್ಚಲೇಬೇಕು. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿಗೆ ಖಾರ ಕೂಡಿಸಿ ಸಾರು, ಮೇಲುಳಿದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ನೀರಿಗಿಳಿದ ಫೋಲೇಟ್, ಪೊಟ್ಯಾಸಿಯಂ ಮೋರಿಗೆ ಹೋಗದೆ ಸಾರಿನಲ್ಲೇ ಉಳಿಯುತ್ತದೆ. ಒಗ್ಗರಣೆಯ ಒಂದು ಚಮಚ ಎಣ್ಣೆ ದೇಹದಲ್ಲಿ ಎ ಜೀವಸತ್ವವಾಗುವ ಸೊಪ್ಪಿನ ಬೀಟಾ ಕ್ಯಾರೋಟಿನ್ ಹೀರಲು ಬೇಕೇ ಬೇಕು, ಎಣ್ಣೆಯೇ ಇಲ್ಲದೆ ಬೇಯಿಸಿದ ಸೊಪ್ಪಿನಲ್ಲಿ ಅದರ ಬಹುಪಾಲು ವ್ಯರ್ಥ. ಅವರೆ, ಹುರುಳಿ, ಅಲಸಂದೆಯಂಥ ಕಾಳು ಸೇರಿದರೆ ರಾಗಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವೂ ತುಂಬಿಕೊಳ್ಳುತ್ತದೆ. ಎರಡು ಕಡೆ ಮಾತ್ರ ಈ ಕಟ್ಟನ್ನು ಚೆಲ್ಲಬೇಕು. ಆಕ್ಸಲೇಟ್ ಹರಳು ಮೂತ್ರಪಿಂಡದಲ್ಲಿ ಆದವರು ದಂಟು, ಪಾಲಕ್ ಬೇಯಿಸಿದ ನೀರನ್ನು ಬಳಸಬಾರದು, ಆಕ್ಸಲೇಟ್‌ನ ಒಂದು ಪಾಲು ನೀರಿಗಿಳಿದಿರುತ್ತದೆ. ಅವರು ಸೊಪ್ಪನ್ನು ಮಜ್ಜಿಗೆ, ಮೊಸರಿನೊಂದಿಗೆ ತಿಂದರೆ ಆಕ್ಸಲೇಟ್ ಕರುಳಿನಲ್ಲೇ ಕ್ಯಾಲ್ಸಿಯಂಗೆ ಅಂಟಿ ಹೊರಹೋಗುತ್ತದೆ. ಮೂತ್ರಪಿಂಡ ದುರ್ಬಲವಾಗಿ ರಕ್ತದಲ್ಲಿ ಪೊಟ್ಯಾಸಿಯಂ ಏರಿರುವವರು ಯಾವ ಸೊಪ್ಪಿನ ಕಟ್ಟನ್ನೂ ಕುಡಿಯಬಾರದು.

ಕೊನೆಗೆ ನುಗ್ಗೆ ಪುಡಿ. ಹಾಲಿಗಿಂತ 17 ಪಟ್ಟು ಕ್ಯಾಲ್ಸಿಯಂ ಎಂಬ ಪ್ರಚಾರ ನೋಡಿ ಡಬ್ಬಿ ಕೊಂಡು, ಹಾಲು ಬಿಟ್ಟವರಿದ್ದಾರೆ. ಆ ಹೋಲಿಕೆ ಮತ್ತೆ ಅದೇ 100 ಗ್ರಾಂನದು. 100 ಗ್ರಾಂ ಒಣ ಪುಡಿ ಒಂದು ಕಡೆ, 100 ಗ್ರಾಂ ಹಾಲು ಇನ್ನೊಂದು ಕಡೆ. ಪುಡಿಯನ್ನು ಬಳಸುವುದು ಚಮಚದಲ್ಲಿ. ಒಂದು ಚಹಾ ಚಮಚಕ್ಕೆ 3 ಗ್ರಾಂ ಹಿಡಿದರೆ ಸಿಗುವ ಕ್ಯಾಲ್ಸಿಯಂ 40ರಿಂದ 60 ಮಿಲಿಗ್ರಾಂ. ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ 230ಕ್ಕೂ ಹೆಚ್ಚಿದೆ. ಒಣಗಿಸುವಾಗ ಸಿ ಜೀವಸತ್ವದ ಬಹುಪಾಲು ಹೋಗಿರುತ್ತದೆ, ಬಿಸಿಲಿನಲ್ಲಿ ಒಣಗಿಸಿದ್ದರೆ ಕ್ಯಾರೋಟಿನ್ ಕೂಡ. ಹಿತ್ತಲಲ್ಲಿ ಮರ ಇರುವವರು ಪುಡಿ ಕೊಳ್ಳುವ ಅಗತ್ಯವಿಲ್ಲ. ಸೊಪ್ಪು ಸಿಗದ ಕಾಲಕ್ಕೆಂದು ಮಾಡಿಟ್ಟುಕೊಳ್ಳುವುದಾದರೆ ನೆರಳಿನಲ್ಲಿ, ಗಾಳಿಯಾಡುವ ಕಡೆ, ಎಲೆ ಹಸಿರು ಬಣ್ಣ ಬಿಡದಂತೆ ಒಣಗಿಸಿ. ಒಂದು ಕಿಲೋ ಎಲೆಗೆ ಕಾಲು ಕಿಲೋದಷ್ಟು ಪುಡಿ ಬರುತ್ತದೆ. ರೊಟ್ಟಿ ಹಿಟ್ಟಿಗೆ ಒಬ್ಬರಿಗೆ ಎರಡು ಚಮಚದಂತೆ ಕಲಸಿದರೆ ರುಚಿ ಕೆಡುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಕಹಿ ಬರುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆ ನುಂಗುವವರು ಪುಡಿಯಾಗಲಿ ಸೊಪ್ಪಾಗಲಿ ಒಮ್ಮೆಲೇ ಹೆಚ್ಚಿಸಬಾರದು. ಅದರಲ್ಲಿರುವ ಕೆ ಜೀವಸತ್ವ ಗುಳಿಗೆಯ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ವೈದ್ಯರಿಗೆ ತಿಳಿಸಿ, ವಾರವಾರವೂ ಒಂದೇ ಪ್ರಮಾಣದಲ್ಲಿ ತಿನ್ನಿ.