ಮ್ಯಾಕ್ರೋ ಲೆನ್ಸನ್ನು ಒರೆಗೆ ಹಚ್ಚಲು ಒಂದು ತುಂಡು ರೇಷ್ಮೆ

ಪುಟ್ಟ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ ‘ಯಾವುದು ಜಾಸ್ತಿ ಶಾರ್ಪ್?’ ಎಂಬುದು. ಸೀರೆ, ಒಡವೆ, ಪೀಣ್ಯದ ಕಾರ್ಖಾನೆಗಳ ಪುಟ್ಟ ಬಿಡಿಭಾಗಗಳನ್ನು ಹತ್ತಿರದಿಂದ ತೆಗೆದುಕೊಡುವುದು ನನ್ನ ಕಸುಬು. ಬಾಡಿಗೆಗೆ ತಂದ ಲೆನ್ಸ್ ಆದರೂ ಸರಿ, ಪರೀಕ್ಷಿಸದೆ ಕೆಲಸಕ್ಕೆ ಹಚ್ಚುವುದಿಲ್ಲ. ಆ ಅನುಭವದಲ್ಲಿ ಹೇಳುವುದಾದರೆ, ಹೆಸರಾಂತ ಕಂಪನಿಗಳ ಮ್ಯಾಕ್ರೋ ಲೆನ್ಸುಗಳಲ್ಲಿ ಚಿತ್ರದ ನಡುಭಾಗ ಶಾರ್ಪ್ ಬರದ ಲೆನ್ಸನ್ನು ಹುಡುಕುವುದೇ ಕಷ್ಟ. ಪರೀಕ್ಷೆಯ ಫೋಟೊ ಮಸುಕಾಗಿದ್ದರೆ ನಾನು ಮೊದಲು ನೋಡುವುದು ಮೇಜನ್ನು, ಟ್ರೈಪಾಡನ್ನು, ಫೋಕಸ್ ಮಾಡಿದ ರೀತಿಯನ್ನು. ಲೆನ್ಸಿಗೂ ಲೆನ್ಸಿಗೂ ಇರುವ ನಿಜವಾದ ವ್ಯತ್ಯಾಸ ಬೇರೆ ಕಡೆ ಅಡಗಿರುತ್ತದೆ: ಫೋಕಸ್ ಇಲ್ಲದ ಜಾಗದಲ್ಲಿ ಬಣ್ಣ ಹೇಗೆ ಒಡೆಯುತ್ತದೆ, ನಾಲ್ಕು ಮೂಲೆಗಳೂ ಒಂದೇ ಸಮ ಇವೆಯೇ, ಲೆನ್ಸಿನ ಬಾಯಿಗೂ ವಸ್ತುವಿಗೂ ನಡುವೆ ದೀಪ ಇಡಲು ಜಾಗ ಉಳಿಯುತ್ತದೆಯೇ.

ಶುರುವಿಗೆ ಒಂದು ಸ್ಟೀಲ್ ಸ್ಕೇಲ್ ಸಾಕು. ಲೆನ್ಸನ್ನು ಅತಿ ಹತ್ತಿರದ ಫೋಕಸಿಗೆ ತಿರುಗಿಸಿ, ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ ಸ್ಕೇಲಿನ ಗೆರೆಗಳು ಸ್ಪಷ್ಟವಾದಾಗ ಕ್ಲಿಕ್ ಮಾಡಿ. ಫುಲ್‌ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಹಾಗಾಗಿ ಫೋಟೊದ ಈ ಅಂಚಿನಿಂದ ಆ ಅಂಚಿನವರೆಗೆ 36 ಮಿ.ಮೀ. ಕಂಡರೆ ಅದು 1:1, ಅಂದರೆ ವಸ್ತು ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಬಿದ್ದಿದೆ. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾಗಳಾದರೆ ನಿಕಾನ್, ಸೋನಿಯಲ್ಲಿ ಸುಮಾರು 23.5, ಕ್ಯಾನನ್‌ನಲ್ಲಿ ಸುಮಾರು 22.3 ಮಿ.ಮೀ. ಕಾಣಬೇಕು. ಮೈಮೇಲೆ ‘ಮ್ಯಾಕ್ರೋ’ ಎಂದು ಬರೆದುಕೊಂಡ ಎಷ್ಟೋ ಝೂಮ್ ಲೆನ್ಸುಗಳಲ್ಲಿ ಹದಿನಾಲ್ಕು ಸೆಂಟಿಮೀಟರಿನಷ್ಟು ಸ್ಕೇಲ್ ಕಾಣುತ್ತದೆ. ಅದು 1:4. ಹೂವಿಗೆ ಸಾಕು, ಮೂಗುತಿಯ ಹರಳಿಗೆ ಸಾಲದು.

ಅನೇಕರು ಇಂಟರ್‌ನೆಟ್ಟಿನಿಂದ ಟೆಸ್ಟ್ ಚಾರ್ಟ್ ಇಳಿಸಿಕೊಂಡು, ಮನೆಯಲ್ಲೋ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೋ ಪ್ರಿಂಟ್ ತೆಗೆದು ಪರೀಕ್ಷೆ ಮಾಡುತ್ತಾರೆ. ದೂರದ ಫೋಟೊಗೆ ಅದು ನಡೆದೀತು. 1:1ರಲ್ಲಿ ನಡೆಯುವುದಿಲ್ಲ. ಇಂಚಿಗೆ 600 ಚುಕ್ಕೆ ಹಾಕುವ ಲೇಸರ್ ಪ್ರಿಂಟರಿನ ಒಂದು ಚುಕ್ಕೆ ಸುಮಾರು 42 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಸೆನ್ಸರಿನ ಒಂದು ಪಿಕ್ಸೆಲ್ 6 ಮೈಕ್ರಾನ್. ಹೀಗೆ ಒಂದೊಂದು ಚುಕ್ಕೆಯೂ ಏಳು ಪಿಕ್ಸೆಲ್ ಅಗಲಕ್ಕೆ ಹರಡುತ್ತದೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಪ್ರಿಂಟರಿನ ಟೋನರ್, ಲೆನ್ಸಲ್ಲ.

ನಾನು ಬಳಸುವುದು ರೇಷ್ಮೆಯ ತುಂಡು. ಅಂಟು ತೆಗೆದ ರೇಷ್ಮೆಯ ಒಂದೊಂದು ತಂತುವಿನ ದಪ್ಪ ಸುಮಾರು 10ರಿಂದ 13 ಮೈಕ್ರಾನ್. 1:1ರಲ್ಲಿ ಅದು ಎರಡು ಪಿಕ್ಸೆಲ್ ಜಾಗ ಹಿಡಿಯುತ್ತದೆ. ಸೆನ್ಸರ್ ಗುರುತಿಸಬಲ್ಲ ಕೊನೆಯ ಮಿತಿಯೂ ಹೆಚ್ಚುಕಡಿಮೆ ಅಷ್ಟೇ! ಚಿಕ್ಕಪೇಟೆಯಲ್ಲಿ ಸಿಗುವ ಗಾಢ ಬಣ್ಣದ ಬ್ಲೌಸ್ ಪೀಸ್ ಒಂದರ ಕತ್ತರಿಸಿದ ಅಂಚನ್ನು ಗಾಜಿನ ಮೇಲೆ ಹರಡಿ, ಪಕ್ಕದಿಂದ ಒಂದೇ ದೀಪ ಬಿಡಿ. ನೂಲಿನ ತುದಿ ಬಿಚ್ಚಿಕೊಂಡಲ್ಲಿ ತಂತುಗಳು ಎಳೆ ಎಳೆಯಾಗಿ ಬೇರೆ ಕಂಡರೆ ಲೆನ್ಸ್, ಫೋಕಸ್, ಟ್ರೈಪಾಡ್ ಮೂರೂ ಸರಿಯಿವೆ. ಮುದ್ದೆಯಾಗಿ ಕಂಡರೆ ಮೂರರಲ್ಲಿ ಒಂದು ಕೈಕೊಟ್ಟಿದೆ.

ಲೆಕ್ಕದಲ್ಲಿ ಹೇಳಬೇಕೆನ್ನುವವರಿಗೆ ಗಾಜಿನ ಮೇಲೆ ಕ್ರೋಮ್‌ನಲ್ಲಿ ಕೊರೆದ ‘1951 ಯುಎಸ್‌ಎಎಫ್’ ಎಂಬ, ಗೆರೆಗಳು ಹಂತಹಂತವಾಗಿ ಸಣ್ಣದಾಗುವ ಪರೀಕ್ಷೆಯ ಪಟ್ಟಿಕೆ ಸಿಗುತ್ತದೆ. ಅದರ ಆರನೆಯ ಗುಂಪು ಮಿಲಿಮೀಟರಿಗೆ 64 ಜೋಡಿಗೆರೆಗಳಿಂದ (ಒಂದು ಗೆರೆ, ಪಕ್ಕದ ಒಂದು ತೆರಪು ಸೇರಿ ಒಂದು ಜೋಡಿ) ಶುರುವಾಗುತ್ತದೆ, ಅದೇ ಗುಂಪಿನ ಮೂರನೆಯದು ಸುಮಾರು 81. ಮೇಲೆ ಹೇಳಿದ 24 ಮೆಗಾಪಿಕ್ಸೆಲ್ ಸೆನ್ಸರಿನ ಮಿತಿ 83. ಒಂದೆರಡು ಮೆಟ್ಟಿಲು ಕೆಳಗೇ ಗೆರೆಗಳು ಕಲೆಸಿಹೋದರೂ ಲೆನ್ಸ್ ಚೆನ್ನಾಗಿದೆ ಎಂದೇ ತಿಳಿಯಿರಿ.

ಇನ್ನು ಅಲುಗಾಟ. 1:1ರಲ್ಲಿ ವಸ್ತು 6 ಮೈಕ್ರಾನ್ ಅಲುಗಿದರೆ ಫೋಟೊದಲ್ಲಿ ಒಂದು ಪಿಕ್ಸೆಲ್ ಅಳಿಸಿದಂತೆ. ಬೆಂಗಳೂರಿನ ಮಹಡಿ ಮನೆಗಳಲ್ಲಿ ಕೆಳಗೆ ಬಿಎಂಟಿಸಿ ಬಸ್ಸು ಹೋದರೆ, ಪಕ್ಕದ ಮನೆಯ ಮಿಕ್ಸಿ ತಿರುಗಿದರೆ, ತಲೆಯ ಮೇಲೆ ಫ್ಯಾನ್ ಓಡುತ್ತಿದ್ದರೆ ಅದಕ್ಕಿಂತ ಹೆಚ್ಚೇ ಅಲುಗುತ್ತದೆ. ಫ್ಯಾನ್ ಆರಿಸಿ, ಟ್ರೈಪಾಡಿನ ಮೇಲಿದ್ದಾಗ ಸ್ಟೆಬಿಲೈಜೇಶನ್ ಆಫ್ ಮಾಡಿ, ಟೈಮರ್ ಹಾಕಿ, ಎಲೆಕ್ಟ್ರಾನಿಕ್ ಶಟರ್ ಇದ್ದರೆ ಅದನ್ನೇ ಬಳಸಿ. ಇದೆಲ್ಲ ಸಾಲದೆನಿಸಿದರೆ ಕೋಣೆಯನ್ನು ಕತ್ತಲು ಮಾಡಿ ಫ್ಲ್ಯಾಶ್‌ನಲ್ಲೇ ತೆಗೆಯಿರಿ. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಬೆಳಗುವ ಅವಧಿ ಸೆಕೆಂಡಿನ ಸಾವಿರಾರನೇ ಒಂದು ಭಾಗದಷ್ಟು ಚಿಕ್ಕದು, ಅಷ್ಟರಲ್ಲಿ ಬಸ್ಸು ಏನೂ ಕೆಡಿಸಲಾರದು. ಅದೇ ಚೌಕಟ್ಟನ್ನು ಒಮ್ಮೆ ದೀಪದಲ್ಲಿ ನಿಧಾನ ಶಟರ್ ಹಾಕಿ, ಒಮ್ಮೆ ಫ್ಲ್ಯಾಶ್‌ನಲ್ಲಿ ತೆಗೆದು ಪಕ್ಕಪಕ್ಕ ಇಡಿ. ಫ್ಲ್ಯಾಶ್‌ನದು ಚೂಪಾಗಿದ್ದರೆ ಲೆನ್ಸನ್ನು ದೂರುವ ಮಾತೇ ಇಲ್ಲ.

ಕ್ಯಾಮೆರಾ ವಸ್ತುವಿಗೆ ನೇರವಾಗಿದೆಯೇ ಎಂದು ನೋಡಲು ಒಂದು ಸುಲಭ ಉಪಾಯವಿದೆ. ವಸ್ತು ಇಡುವ ಜಾಗದಲ್ಲಿ ಚಿಕ್ಕ ಕನ್ನಡಿಯನ್ನು ಮಲಗಿಸಿ, ಅದರೊಳಗೆ ಕಾಣುವ ಲೆನ್ಸಿನ ಪ್ರತಿಬಿಂಬದ ನಡುಮಧ್ಯ ಚೌಕಟ್ಟಿನ ನಡುಮಧ್ಯಕ್ಕೆ ಬರುವಂತೆ ಕ್ಯಾಮೆರಾ ಹೊಂದಿಸಿ. ಬಬಲ್ ಲೆವೆಲ್‌ಗಿಂತ ಇದನ್ನು ಹೆಚ್ಚು ನಂಬಬಹುದು. ಫೋಕಸಿಗೆ ರಿಂಗ್ ತಿರುಗಿಸಬೇಡಿ, ಗಾತ್ರವೇ ಬದಲಾಗುತ್ತದೆ. ರೇಲ್ ಮೇಲೆ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುತ್ತ ಹಲವು ಫೋಟೊ ತೆಗೆದು, ಅವುಗಳಲ್ಲಿ ಚೂಪಾದದ್ದನ್ನು ಆರಿಸಿಕೊಳ್ಳಿ. ಒಂದೇ ಫೋಟೊ ನೋಡಿ ತೀರ್ಪು ಕೊಡುವುದು ಲೆನ್ಸಿಗೆ ಮಾಡುವ ಅನ್ಯಾಯ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎಫ್ ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು. ಹತ್ತಿರ ಹೋದಂತೆಲ್ಲ ಲೆನ್ಸಿನ ಪರಿಣಾಮದ ಎಫ್ ಸಂಖ್ಯೆ ಏರುತ್ತದೆ. ಸರಳ ಲೆಕ್ಕದಲ್ಲಿ ಬರೆದ ಸಂಖ್ಯೆಯನ್ನು ‘ಒಂದು ಕೂಡಿಸು ಚಿತ್ರದ ಗಾತ್ರ’ದಿಂದ ಗುಣಿಸಬೇಕು. 1:1ರಲ್ಲಿ ಗಾತ್ರ ಒಂದು, ಹಾಗಾಗಿ ಅದು ಇಮ್ಮಡಿ, ಎಫ್ 8 ಎಂದು ಇಟ್ಟದ್ದು ಎಫ್ 16ರಂತೆ ವರ್ತಿಸುತ್ತದೆ. ಆಗ ಡಿಫ್ರಾಕ್ಷನ್‌ನಿಂದ, ಅಂದರೆ ಕಿರಿದಾದ ಕಿಂಡಿ ಹಾಯ್ದ ಬೆಳಕು ಹರಡಿಕೊಳ್ಳುವುದರಿಂದ, ಒಂದು ಬಿಂದು ಹಸಿರು ಬೆಳಕಿನಲ್ಲಿ ಸುಮಾರು 21 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಹರಡುತ್ತದೆ, ಅಂದರೆ ಮೂರು ಪಿಕ್ಸೆಲ್‌ಗಿಂತ ಹೆಚ್ಚು. ಎಫ್ 16ಕ್ಕೆ ಇಳಿಸಿದರೆ ಅದು ಎಫ್ 32. ಅಲ್ಲಿ ಮಿಲಿಮೀಟರಿಗೆ 57 ಜೋಡಿಗೆರೆಗಿಂತ ಸೂಕ್ಷ್ಮವಾದದ್ದನ್ನು ಯಾವ ಲೆನ್ಸೂ ತೋರಿಸಲಾರದು, ಅದರ ಬೆಲೆ ಲಕ್ಷವಿದ್ದರೂ. ‘ಒಡವೆ ಪೂರ್ತಿ ಫೋಕಸ್‌ನಲ್ಲಿ ಇರಲಿ’ ಎಂದು ಎಫ್ 22ಕ್ಕೆ ಒಯ್ಯುವವರ ಫೋಟೊಗಳಲ್ಲಿ ಎಲ್ಲವೂ ಸಮನಾಗಿ ಮೆತ್ತಗಿರುವುದು ಇದಕ್ಕೇ.

ಇತ್ತ ಎಫ್ 8ರಲ್ಲಿ ಫೋಕಸ್ ನಿಲ್ಲುವ ಆಳ, ಪಿಕ್ಸೆಲ್ ಮಟ್ಟದಲ್ಲಿ ಕಟ್ಟುನಿಟ್ಟಾಗಿ ಎಣಿಸಿದರೆ, ಮಿಲಿಮೀಟರಿನ ಐದನೇ ಒಂದು ಭಾಗ ಮಾತ್ರ. ಹಾಗಾಗಿ ಸೀರೆಯಂಥ ಚಪ್ಪಟೆ ವಸ್ತುವಿಗೆ ನಾನು ಎಫ್ 5.6ರ ಆಸುಪಾಸಿನಲ್ಲೇ ಇರುತ್ತೇನೆ. ಜುಮುಕಿ, ಹರಳಿನ ಓಲೆಗಳಿಗೆ ಅದೇ ಅಪರ್ಚರ್‌ನಲ್ಲಿ ಫೋಕಸ್ ಸರಿಸುತ್ತ ಹಲವು ಫೋಟೊ ತೆಗೆದು ಹೆಲಿಕಾನ್ ಅಥವಾ ಝೆರೀನ್ ಸಾಫ್ಟ್‌ವೇರಿನಲ್ಲಿ ಸೇರಿಸುತ್ತೇನೆ. ಪರೀಕ್ಷೆಗೆ ಪೂರ್ತಿ ತೆರೆದ ಅಪರ್ಚರ್‌ನಿಂದ ಎಫ್ 16ರವರೆಗೆ ಒಂದೊಂದು ಫೋಟೊ ತೆಗೆಯಿರಿ. ಎಫ್ 16ರದ್ದು ಎಫ್ 5.6ರದ್ದಕ್ಕಿಂತ ಚೂಪಾಗಿ ಕಂಡರೆ ಫೋಕಸ್ ತಪ್ಪಿದೆ ಅಥವಾ ಕ್ಯಾಮೆರಾ ವಾಲಿದೆ, ಮತ್ತೆ ಮೊದಲಿನಿಂದ ಶುರುಮಾಡಿ. ಎರಡು ಕಂಪನಿಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು: ನಿಕಾನ್ ಕ್ಯಾಮೆರಾ ತನ್ನದೇ ಮ್ಯಾಕ್ರೋ ಲೆನ್ಸ್ ಹಾಕಿದಾಗ ಹತ್ತಿರ ಹೋದಂತೆ ಏರುವ ಎಫ್ ಸಂಖ್ಯೆಯನ್ನೇ ತೋರಿಸುತ್ತದೆ, ಕ್ಯಾನನ್ ಬರೆದ ಸಂಖ್ಯೆಯನ್ನೇ ಇಟ್ಟುಕೊಳ್ಳುತ್ತದೆ. ಎರಡರಲ್ಲೂ ‘ಎಫ್ 8’ ಎಂದು ಓದಿ ಹೋಲಿಸಿದರೆ ಸಮನಲ್ಲದ್ದನ್ನು ಸಮ ಎಂದುಕೊಂಡಂತೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಬಣ್ಣ. ಚಿಕ್ಕಪೇಟೆಯ ಅಂಗಡಿಯೊಂದರ ಯಜಮಾನರು ಬೇರೆಲ್ಲೋ ತೆಗೆಸಿದ ಸೀರೆಯ ಫೋಟೊಗಳನ್ನು ಫೋನಿನಲ್ಲಿ ತೋರಿಸಿ, “ನೋಡಿ ಸಾರ್, ನಮ್ ಜರಿ ಪಾಚಿ ಕಟ್ಟಿದ ಹಾಗೆ ಕಾಣ್ತಿದೆ. ಕಸ್ಟಮರ್ ಇದನ್ನ ನೋಡಿ ಟೆಸ್ಟೆಡ್ ಜರಿ ಅಂತಾರೆ” ಎಂದರು. ಅವರ ಸಂಕಟ ನ್ಯಾಯವಾದದ್ದು. ಅಸಲಿ ಜರಿ ಎಂದರೆ ರೇಷ್ಮೆ ನೂಲಿನ ಸುತ್ತ ಚಪ್ಪಟೆ ಮಾಡಿದ ಬೆಳ್ಳಿಯ ತಂತಿ ಸುತ್ತಿ ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಟೆಸ್ಟೆಡ್ ಜರಿಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ. ಕೊಳ್ಳುವವರು ಪರದೆಯ ಮೇಲೆ ಬಣ್ಣ ನೋಡಿಯೇ ಅಸಲಿ ನಕಲಿ ಎಂದು ಲೆಕ್ಕ ಹಾಕುತ್ತಾರೆ. ಆ ಫೋಟೊದಲ್ಲಿ ಬಣ್ಣ ಕೆಡಿಸಿದ್ದು ಲೆನ್ಸು.

ಕೆಂಪು, ಹಸಿರು, ನೀಲಿ ಬೆಳಕು ಒಂದೇ ಸಮತಲದಲ್ಲಿ ಕೂಡಬೇಕು. ಕೂಡದಿದ್ದಾಗ ಫೋಕಸ್‌ಗಿಂತ ಮುಂದಿರುವ ಹೊಳಪಿನ ಅಂಚುಗಳಿಗೆ ನೇರಳೆ, ಹಿಂದಿರುವವಕ್ಕೆ ಹಸಿರು ಅಂಟಿಕೊಳ್ಳುತ್ತದೆ. ಹೊಳೆಯುವ ಲೋಹದ ತಂತಿಯಲ್ಲಿ ಇದು ಕಣ್ಣಿಗೆ ರಾಚುತ್ತದೆ. ಮೂಲೆಗಳಲ್ಲಿ ಮಾತ್ರ ಕಾಣುವ ಇನ್ನೊಂದು ಬಗೆಯ ಬಣ್ಣದಂಚು ಇದೆ, ಅದನ್ನು ಸಾಫ್ಟ್‌ವೇರ್ ಒಂದು ಟಿಕ್‌ನಲ್ಲಿ ತೆಗೆದುಹಾಕುತ್ತದೆ. ಈ ಮುಂದೆ ಹಿಂದಿನದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಸಾಫ್ಟ್‌ವೇರಿನ ಡಿಫ್ರಿಂಜ್ ಎಳೆದರೆ ನೇರಳೆ ಹಸಿರುಗಳನ್ನು ಹುಡುಕಿ ಬಿಳಿಚಿಸುತ್ತದೆ. ಗಿಳಿಹಸಿರು ಒಡಲಿನ ಸೀರೆಯಾದರೆ ಜರಿಯ ಜೊತೆ ಸೀರೆಯ ಬಣ್ಣವೂ ಅಂಚಿನಲ್ಲಿ ಸತ್ತುಹೋಗುತ್ತದೆ.

ಪರೀಕ್ಷೆ ಹೀಗೆ: ಜರಿ ಅಂಚಿನ ಸೀರೆಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಬೆಳಕನ್ನು ಮೃದು ಮಾಡುವ ಡಿಫ್ಯೂಸರ್ ಇಲ್ಲದ ಒಂದೇ ದೀಪ ಬಿಟ್ಟು, ನಡುವಿನ ಒಂದು ಎಳೆಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ಆಮೇಲೆ ಎಫ್ 4, 5.6, 8. ಮುಂದಿನ, ಹಿಂದಿನ ಎಳೆಗಳ ಹೊಳಪು ಯಾವ ಅಪರ್ಚರ್‌ಗೆ ಬಂದಾಗ ಮತ್ತೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಅಪೋಕ್ರೋಮ್ಯಾಟಿಕ್ ತಿದ್ದುಪಡಿ (ಮೂರೂ ಬಣ್ಣಗಳನ್ನು ಒಂದೇ ಸಮತಲದಲ್ಲಿ ಕೂಡಿಸುವುದು) ಚೆನ್ನಾಗಿರುವ ಲೆನ್ಸಿನಲ್ಲಿ ಮೊದಲ ಫೋಟೊದಲ್ಲೇ ಬಣ್ಣ ಶುದ್ಧವಾಗಿರುತ್ತದೆ. ಎಫ್ 8ಕ್ಕೆ ಹೋದರೂ ಪಾಚಿ ಬಣ್ಣ ಬಿಡದ ಲೆನ್ಸನ್ನು ನಾನು ಜರಿಯ ಕೆಲಸಕ್ಕೆ ಮುಟ್ಟುವುದಿಲ್ಲ, ಅದರ ನಡುಭಾಗ ಎಷ್ಟೇ ಚೂಪಾಗಿರಲಿ.

ಮೂಲೆಗಳ ಪರೀಕ್ಷೆಗೆ ಸಣ್ಣ ಅಕ್ಷರದ ಹಳೆಯ ಪಂಚಾಂಗದ ಪುಟ ಹೇಳಿ ಮಾಡಿಸಿದ್ದು. ಮ್ಯಾಕ್ರೋ ಲೆನ್ಸುಗಳ ಇತಿಹಾಸದಲ್ಲಿ ಅಕ್ಷರಕ್ಕೆ ದೊಡ್ಡ ಪಾತ್ರವೇ ಇದೆ. 1956ರಲ್ಲಿ ನಿಕಾನ್ ತನ್ನ ಮೊದಲ ಮೈಕ್ರೋ ನಿಕ್ಕೋರ್ ತಂದಾಗ ಅದರ ಹಿಂದಿದ್ದ ಅಗತ್ಯ, ಗೆರೆಗಳು ಕಿಕ್ಕಿರಿದ ಕಾಂಜಿ ಲಿಪಿಯ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವುದು. ನಮ್ಮ ಒತ್ತಕ್ಷರಗಳೂ ಲೆನ್ಸಿಗೆ ಅಂಥದ್ದೇ ಕಷ್ಟ ಕೊಡುತ್ತವೆ. ಪಂಚಾಂಗದ ಪುಟವನ್ನು ಗಾಜಿನ ಕೆಳಗೆ ಚಪ್ಪಟೆಯಾಗಿ ಒತ್ತಿ ಚೌಕಟ್ಟು ತುಂಬ ತೆಗೆದು, ನಾಲ್ಕು ಮೂಲೆಗಳ ‘ಷ್ಟ್ರ’, ‘ಸ್ತ್ರ’ಗಳನ್ನು ಹೋಲಿಸಿ. ನಾಲ್ಕೂ ಒಂದೇ ಪ್ರಮಾಣದಲ್ಲಿ ಮೆತ್ತಗಿದ್ದರೆ ಅದು ಆ ಮಾಡೆಲ್‌ನ ಗುಣ. ಒಂದು ಮೂಲೆ ಮಾತ್ರ ಕೆಟ್ಟಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆಯಿರಿ. ಫೋಟೊದ ಅದೇ ಮೂಲೆ ಮತ್ತೆ ಮಸುಕಾದರೆ ಒಳಗಿನ ಯಾವುದೋ ಗಾಜು ಜಾಗ ತಪ್ಪಿದೆ. ಹಿಂದೆ ಕೆಳಗೆ ಬಿದ್ದ ಲೆನ್ಸುಗಳಲ್ಲಿ ಇದು ಸಾಮಾನ್ಯ. 1:1ರಲ್ಲಿ ಇದೇ ಪರೀಕ್ಷೆ ಮಾಡಲು, ಮೊದಲ ಮಳೆಯ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಉದುರಿ ಬೀಳುವ ಮಳೆಹುಳದ ರೆಕ್ಕೆಗಳನ್ನು ಎರಡು ಗಾಜಿನ ತುಣುಕುಗಳ ನಡುವೆ ಇಟ್ಟುಕೊಳ್ಳಿ. ಬಿಡಿಗಾಸೂ ಖರ್ಚಿಲ್ಲ.

ಉಳಿಯುವ ಜಾಗದ ಮಾತು. ಲೆನ್ಸಿನ ಪೆಟ್ಟಿಗೆಯ ಮೇಲೆ ಬರೆದ ಕನಿಷ್ಠ ಫೋಕಸ್ ದೂರವನ್ನು ಅಳೆಯುವುದು ಸೆನ್ಸರಿನಿಂದ. 100 ಮಿ.ಮೀ. ಲೆನ್ಸಿನಲ್ಲಿ 30 ಸೆಂ.ಮೀ. ಎಂದಿದ್ದರೆ, ಕ್ಯಾಮೆರಾ ಮತ್ತು ಲೆನ್ಸಿನ ಉದ್ದ ಕಳೆದು ಮುಂದೆ ಉಳಿಯುವುದು ಅದರ ಅರ್ಧಕ್ಕಿಂತ ಕಡಿಮೆ. 60 ಮಿ.ಮೀ. ಲೆನ್ಸಾದರೆ ಐದು ಸೆಂಟಿಮೀಟರಿನ ಆಸುಪಾಸು, ಲೆನ್ಸಿನ ನೆರಳೇ ಒಡವೆಯ ಮೇಲೆ ಬೀಳುತ್ತದೆ. ಲಾಲ್‌ಬಾಗ್ ಬಂಡೆಯ ಮೇಲಿನ ಕಲ್ಲುಹೂವು ಅಷ್ಟು ಹತ್ತಿರ ಹೋದರೂ ಸುಮ್ಮನಿರುತ್ತದೆ, ನೆಗೆಯುವ ಜೇಡ ಇರುವುದಿಲ್ಲ. ಹೊರಗೆ ಹುಳಗಳ ಹಿಂದೆ ಹೋಗುವವರು 100ಕ್ಕಿಂತ ಕಡಿಮೆಯದನ್ನು ಕೊಳ್ಳದಿರುವುದೇ ಲೇಸು.

ಆಟೊಫೋಕಸ್ ಬಗ್ಗೆ ಹೆಚ್ಚು ಹೇಳಲಾರೆ, 1:1ರಲ್ಲಿ ನಾನದನ್ನು ಬಳಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಮೊದಲು ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ನಮ್ಮ ಮಳೆಗಾಲದಲ್ಲಿ ಬ್ಯಾಗಿನೊಳಗೇ ಇಟ್ಟ ಲೆನ್ಸುಗಳಿಗೆ ಫಂಗಸ್ ಹಿಡಿಯುತ್ತದೆ, ಜೇಡರ ಬಲೆಯಂಥ ಕವಲುಗೆರೆಗಳು ಕಂಡರೆ ವ್ಯಾಪಾರ ಬೇಡ. ಆಮೇಲೆ ಮಾರುವವರ ಹತ್ತಿರ ಐದು ನಿಮಿಷ ಕೇಳಿಕೊಂಡು, ಓರೆಯಾಗಿ ಇಟ್ಟ ಜರಿ ಅಂಚಿನ ಒಂದು ಫೋಟೊ, ಅಕ್ಷರದ ಪುಟದ ಒಂದು ಫೋಟೊ ತೆಗೆಯಿರಿ. ನಡುಭಾಗದ ಚೂಪನ್ನು ಸಮಯ ಉಳಿದರೆ ನೋಡಿಕೊಳ್ಳಬಹುದು.