ಏರಿಗೆ ಉಸಿರು, ಇಳಿಜಾರಿಗೆ ತೊಡೆ

ಬಳ್ಳಾರಿಯಲ್ಲಿ ಓಡುವವರಿಗೆ ಚಪ್ಪಟೆ ನೆಲವೇ ರೂಢಿ. ಸಿರುಗುಪ್ಪ ರಸ್ತೆ ಹಿಡಿದರೆ ಎರೆಹೊಲ, ಕಾಲುವೆ, ಮತ್ತೆ ಎರೆಹೊಲ. ಕಿಲೋಮೀಟರಿಗೆ 6 ನಿಮಿಷ ಅಂತ ಒಮ್ಮೆ ಲಯ ಸಿಕ್ಕರೆ ವಾಚು ಕೊನೇವರೆಗೂ ಅದನ್ನೇ ತೋರಿಸುತ್ತಿರುತ್ತದೆ. ಇದೇ ಲೆಕ್ಕವನ್ನು ಸಂಡೂರಿನ ಕಡೆಗೆ, ಕುಮಾರಸ್ವಾಮಿ ಗುಡಿಗೆ ಹೋಗುವ ಘಾಟಿಗೆ ಒಯ್ದರೆ ಕೆಟ್ಟಿತು. ಗುಡ್ಡದ ರಸ್ತೆಯಲ್ಲಿ ಒಂದೇ ವೇಗ ಕಾಯ್ದುಕೊಳ್ಳಲು ಹೋಗಬಾರದು, ಒಂದೇ ಶ್ರಮ ಕಾಯ್ದುಕೊಳ್ಳಬೇಕು ಅನ್ನುತ್ತಾರೆ. ನನ್ನ ಪ್ರಕಾರ ಈ ಮಾತು ಅರ್ಧ ಮಾತ್ರ ಸರಿ. ಅದು ಏರಿಗೆ ಒಪ್ಪುತ್ತದೆ. ಇಳಿಜಾರಿನ ಲೆಕ್ಕವೇ ಬೇರೆ.

ಮೊದಲು ಏರು ನೋಡೋಣ. 2002ರಲ್ಲಿ ಸಂಶೋಧಕ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟದಲ್ಲಿ ಪಳಗಿದ 10 ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಏರು, ಇಳಿಜಾರು ಎರಡರಲ್ಲೂ ಎಷ್ಟು ಶಕ್ತಿ ಖರ್ಚಾಗುತ್ತದೆಂದು ಅಳೆದು ಒಂದು ಸೂತ್ರ ಕೊಟ್ಟರು. ಅದರಂತೆ ಶೇ 5ರ ಏರಿನಲ್ಲಿ, ಅಂದರೆ 100 ಮೀಟರ್ ಮುಂದೆ ಹೋದಾಗ 5 ಮೀಟರ್ ಮೇಲೇರುವ ರಸ್ತೆಯಲ್ಲಿ, ಪ್ರತಿ ಮೀಟರಿಗೂ ಸುಮಾರು ಶೇ 30 ಜಾಸ್ತಿ ಶಕ್ತಿ ಬೇಕು. ಶೇ 10ರ ಏರಾದರೆ ಸುಮಾರು ಶೇ 65 ಜಾಸ್ತಿ. ಹಾಗಾಗಿ ಬಯಲಲ್ಲಿ 6 ನಿಮಿಷದ ಪೇಸ್ ಇರುವವರು ಶೇ 5ರ ಏರಿನಲ್ಲಿ ಅದೇ ಶ್ರಮಕ್ಕೆ 7 ನಿಮಿಷ 45 ಸೆಕೆಂಡಿನ ಹತ್ತಿರ ಬರಬೇಕು. ಪಕ್ಕದವರು ದಾಟಿ ಹೋಗುತ್ತಾರೆ. ಹೋಗ್ಲಿ ಬಿಡಿ.

ಆದರೆ ಹಾಗೆ ಬಿಡುವುದು ಸುಲಭವಲ್ಲ, ಏಕೆಂದರೆ ಏರಿನ ಮೊದಲ ನಿಮಿಷ ದೊಡ್ಡ ಮೋಸಗಾರ. ಶ್ರಮ ಹೆಚ್ಚಾದ ಕ್ಷಣಕ್ಕೇ ದೇಹ ಆಮ್ಲಜನಕದ ಪೂರೈಕೆ ಹೆಚ್ಚಿಸಲಾರದು. ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗೆ ಸ್ನಾಯುಗಳು ತಮ್ಮೊಳಗಿನ ಕೂಡಿಟ್ಟ ಶಕ್ತಿಯನ್ನು ಕರಗಿಸುತ್ತಾ ಓಡುತ್ತವೆ. ಉಸಿರು ಇನ್ನೂ ನೆಟ್ಟಗಿರುತ್ತದೆ, ‘ಏ, ಇಷ್ಟೇನಾ’ ಅನ್ನಿಸುತ್ತದೆ. ವಾಚಿನಲ್ಲಿ ಕಾಣುವ ಹೃದಯ ಬಡಿತವೂ ಹಿಂದಿನದೇ ಸುದ್ದಿ ಹೇಳುತ್ತಿರುತ್ತದೆ. ಮೂರನೇ ತಿರುವಿಗೆ ಬಂದಾಗ ಏದುಸಿರು, ಮೀನಖಂಡದಲ್ಲಿ ಉರಿ. ಮಿತಿ ದಾಟಿ ಓಡಿದ್ದರ ಸಾಲವನ್ನು ತುದಿ ಮುಟ್ಟಿದ ಮೇಲೂ ತೀರಿಸಬೇಕು. ಸಮತಟ್ಟು ರಸ್ತೆ ಬಂದರೂ ಹಳೆಯ ವೇಗ ಕೂಡಲೇ ಬರುವುದಿಲ್ಲ.

ಆದ್ದರಿಂದ ಏರು ಶುರುವಾಗುವಲ್ಲೇ, ಇನ್ನೂ ಸುಲಭ ಅನ್ನಿಸುವಾಗಲೇ, ನಿಧಾನ ಮಾಡಬೇಕು. ಹೆಜ್ಜೆ ಗಿಡ್ಡ ಮಾಡಿ, ಹೆಜ್ಜೆಯ ಲಯ ಮಾತ್ರ ಬಿಡಬೇಡಿ. ಜೊತೆಗಾರರಿಗೆ ನಾಲ್ಕೈದು ಪದದ ಮಾತು ಹೇಳಲು ಆಗುತ್ತಿದ್ದರೆ ಉದ್ದದ ಏರಿಗೆ ಅದು ಸರಿಯಾದ ಶ್ರಮ. ವಾಚಿಗಿಂತ ಈ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ನಮ್ಮ ಕಡೆ ಬಿಸಿಲನ್ನೂ ಸೇರಿಸಿಕೊಳ್ಳಬೇಕು. ಸ್ನಾಯು ಬಳಸುವ ಶಕ್ತಿಯ ಬಹುಪಾಲು ಶಾಖವಾಗುತ್ತದೆ. ಶ್ರಮ ಒಂದೇ ಇದ್ದರೆ ಏರಿನಲ್ಲೂ ಶಾಖ ಹೆಚ್ಚುಕಡಿಮೆ ಬಯಲಿನಷ್ಟೇ ಹುಟ್ಟುತ್ತದೆ, ಆದರೆ ನಾವು ನಿಧಾನವಾಗಿರುವುದರಿಂದ ಮೈಗೆ ಬಡಿಯುವ ಗಾಳಿ ಕಡಿಮೆ. ಅದೇ ಬಿಸಿಲು ಏರಿನಲ್ಲಿ ಜಾಸ್ತಿ ಸುಡುವುದು ಸುಮ್ನೆ ಅಲ್ಲ.

ಇನ್ನು ಇಳಿಜಾರು. ಮಿನೆಟ್ಟಿ ಸೂತ್ರದಲ್ಲಿ ಶೇ 5ರ ಇಳಿಜಾರಿನ ಖರ್ಚು ಬಯಲಿಗಿಂತ ಸುಮಾರು ಶೇ 24 ಕಡಿಮೆ. ಏರಿನಲ್ಲಿ ಕೊಟ್ಟಿದ್ದು ಪೂರ್ತಿ ವಾಪಸ್ ಬರಲಿಲ್ಲ, ಅಲ್ವಾ? ಬರೀ ಈ ಲೆಕ್ಕ ನಂಬಿದರೂ ನಮ್ಮ 6 ನಿಮಿಷದವರು ಸುಮಾರು ನಾಲ್ಕೂವರೆ ನಿಮಿಷಕ್ಕೆ ಒಂದು ಕಿಲೋಮೀಟರ್ ಇಳಿಯಬೇಕು. ಅಷ್ಟು ಜೋರಾಗಿ ಇಳಿಯುವವರು ಕಡಿಮೆ. ಉಸಿರಿಗೆ ತಾಕತ್ತು ಉಳಿದಿರುತ್ತದೆ, ಕಾಲು ಒಪ್ಪುವುದಿಲ್ಲ.

ಯಾಕೆ ಒಪ್ಪುವುದಿಲ್ಲ ಅನ್ನುವುದು ಕೊಪ್ಪಳ ಜಿಲ್ಲೆಯ ಅಂಜನಾದ್ರಿಗೆ ಹೋಗಿಬಂದವರಿಗೆ ಗೊತ್ತು. 575 ಮೆಟ್ಟಿಲು ಹತ್ತುವಾಗ ದಮ್ಮು ಹತ್ತುತ್ತದೆ. ಆದರೆ ತೊಡೆ ಗಡಗಡ ನಡುಗುವುದು ಇಳಿಯುವಾಗ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಈ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕು, ಆದರೆ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ಮರುದಿನ, ಅದರ ಮರುದಿನ ಬಸ್ಸಿನ ಮೆಟ್ಟಿಲು ಇಳಿಯುವಾಗ ಅಯ್ಯೋ ಅನ್ನಿಸುವುದು ಇದಕ್ಕೇ. ಕಾಲಿಗೆ ಬೀಳುವ ಏಟೂ ಜಾಸ್ತಿ: 9 ಡಿಗ್ರಿ, ಅಂದರೆ ಸುಮಾರು ಶೇ 16ರ ಇಳಿಜಾರಿನಲ್ಲಿ ಪಾದ ನೆಲಕ್ಕೆ ಅಪ್ಪಳಿಸುವ ಬಲ ಬಯಲಿಗಿಂತ ಶೇ 54 ಹೆಚ್ಚು ಎಂದು 2005ರ ಒಂದು ಅಧ್ಯಯನ ಅಳೆದಿದೆ. ಘಾಟಿ ರಸ್ತೆಗಳು ಸಾಮಾನ್ಯವಾಗಿ ಅಷ್ಟು ಕಡಿದಾಗಿರುವುದಿಲ್ಲ. ಆದರೂ ಹೆಜ್ಜೆಗಳು ಸಾವಿರಾರು.

ಸಂಡೂರಿನ ಅದಿರು ಲಾರಿಯ ಡ್ರೈವರ್ ಘಾಟಿ ಇಳಿಯುವಾಗ ಬ್ರೇಕನ್ನೇ ನಂಬಿ ಕೂರುವುದಿಲ್ಲ, ಗೇರ್ ಇಳಿಸುತ್ತಾನೆ. ಓಡುವವರ ಗೇರ್ ಅಂದರೆ ಗಿಡ್ಡ, ಚುರುಕು ಹೆಜ್ಜೆ. ಹಿಂದಕ್ಕೆ ವಾಲಿ, ಕಾಲು ಮುಂದೆ ಚಾಚಿ, ಹಿಮ್ಮಡಿ ಊರಿ ತಡೆಯುತ್ತಾ ಇಳಿದರೆ ತೊಡೆಗೇ ಎಲ್ಲ ಹೊರೆ. ಮೈ ರಸ್ತೆಗೆ ಲಂಬವಾಗಿರಲಿ, ಪಾದ ಸೊಂಟದ ಕೆಳಗೇ ಬೀಳಲಿ.

ಬಾಸ್ಟನ್ ಮ್ಯಾರಥಾನ್ ಇದಕ್ಕೆ ಒಳ್ಳೆಯ ಸಾಕ್ಷಿ. ಆರಂಭದಿಂದ ಅಂತ್ಯದವರೆಗೆ ರಸ್ತೆ ಒಟ್ಟು ಸುಮಾರು 140 ಮೀಟರ್ ಇಳಿಯುತ್ತದೆ. 2011ರಲ್ಲಿ ಜೆಫ್ರಿ ಮುಟಾಯ್ ಅಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರೂ ವಿಶ್ವದಾಖಲೆ ಎನಿಸಲಿಲ್ಲ. ಕಿಲೋಮೀಟರಿಗೆ 1 ಮೀಟರಿಗಿಂತ ಜಾಸ್ತಿ ಇಳಿಯುವ ದಾರಿ ದಾಖಲೆಗೆ ಸಲ್ಲದು ಎಂಬುದು ಅದಕ್ಕೊಂದು ಕಾರಣ. ಅದೇ ಬಾಸ್ಟನ್‌ನಲ್ಲಿ ಮೊದಲ ಇಳಿಜಾರುಗಳಲ್ಲಿ ತೊಡೆ ಸವೆಸಿಕೊಂಡವರು 32 ಕಿಲೋಮೀಟರ್ ದಾಟಿದ ಮೇಲೆ ಬರುವ ಹಾರ್ಟ್‌ಬ್ರೇಕ್ ಹಿಲ್ ಹತ್ತಿರ ನಡೆಯತೊಡಗುತ್ತಾರೆ. ಆ ಗುಡ್ಡ ಏನೂ ಭಾರೀ ಎತ್ತರದ್ದಲ್ಲ.

ಹೀಗಾಗಿ ಓಟದ ಮೊದಲರ್ಧದಲ್ಲಿ ಇಳಿಜಾರು ಬಂದರೆ ಅಲ್ಲಿ ಸಮಯ ದೋಚಲು ಹೋಗಬೇಡಿ. ಕೊನೆಯ ಎರಡು ಮೂರು ಕಿಲೋಮೀಟರ್ ಇಳಿಜಾರಾದರೆ ಧಾರಾಳವಾಗಿ ಬಿಡಬಹುದು, ನಾಳೆಯ ನೋವು ನಾಳೆಗೆ.

ಸ್ನಾಯು ಬೇಗ ಕಲಿಯುತ್ತದೆ ಅನ್ನುವುದು ಸಮಾಧಾನದ ಸಂಗತಿ. ಒಮ್ಮೆ ಇಳಿಜಾರಿನ ಏಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಏಟಿಗೆ ಅಷ್ಟು ನೋಯುವುದಿಲ್ಲ. ಬಯಲುಸೀಮೆಯವರು ಸ್ಪರ್ಧೆಗೆ ಎರಡು ಮೂರು ವಾರ ಮೊದಲು ಬೆಳಗಿನ ಜಾವ ಸಂಡೂರಿನ ಕಡೆ ಹೋಗಿ, ಒಂದು ಹದವಾದ ಇಳಿಜಾರನ್ನು ಎರಡೆರಡು ನಿಮಿಷದಂತೆ ನಾಲ್ಕೈದು ಸಲ ಇಳಿದು ಬರಬೇಕು. ಎರಡು ದಿನ ನೋಯುತ್ತದೆ. ಸ್ಪರ್ಧೆಯ ವಾರದಲ್ಲಿ ಮಾತ್ರ ಈ ಸಾಹಸ ಬೇಡ.