ರಾತ್ರಿ ಶಾಲೆಯಿಂದ ಸೇವಾ ಸಿಂಧುವರೆಗೆ: ಮುಂಬೈ ಸಂಘಗಳಲ್ಲಿ ಹುಡುಗರ ದುಡಿಮೆ

ಮುಂಬೈಯ ಕನ್ನಡ, ತುಳು ಸಂಘಗಳಲ್ಲಿ ಈಗ ಎಲ್ಲ ಕಡೆ ಕೇಳುವ ಮಾತು ಒಂದೇ: 'ನಮ್ಮ ಮಕ್ಕಳು ಸಂಘಕ್ಕೆ ಬರುವುದಿಲ್ಲ.' ಬಂದ ಮಕ್ಕಳಿಗೆ ನಾವು ಏನು ಕೆಲಸ ಕೊಡುತ್ತೇವೆ ಎಂದು ಕೇಳುವವರು ಕಡಿಮೆ. ಕುರ್ಚಿ ಜೋಡಿಸುವುದು, ಊಟ ಬಡಿಸುವುದು, ವೇದಿಕೆಗೆ ಹೂಗುಚ್ಛ ತಂದುಕೊಡುವುದು. ಜಾಸ್ತಿ ಎಂದರೆ ಫೋಟೋ ತೆಗೆಯುವುದು.

ಮೊದಲು ಹೀಗಿರಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಆ ಕಾಲದಲ್ಲಿ ಊರು ಬಿಟ್ಟು ಬಂದವರಲ್ಲಿ ಹೆಚ್ಚಿನವರು ಹುಡುಗರೇ. ಮೀಸೆ ಚಿಗುರುವ ಮೊದಲೇ ಮಂಗಳೂರಿನಿಂದ ಹಡಗು ಹತ್ತಿದವರೂ ಇದ್ದರು. ಅಂಥ ಕಡೆ ಬೇರೆ ಯುವ ವಿಭಾಗ ಯಾಕೆ ಬೇಕು? ಇಡೀ ಸಂಘವೇ ಯುವ ವಿಭಾಗವಾಗಿತ್ತು.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ರಾತ್ರಿ ಶಾಲೆಗಳಲ್ಲಿ. ಉಡುಪಿ ಹೋಟೆಲುಗಳಲ್ಲಿ ಕಪ್ಪು ತೊಳೆಯುವ, ಟೇಬಲ್ ಒರೆಸುವ ಹುಡುಗರಿಗಾಗಿ ಸಮುದಾಯದ ಸಂಘಗಳು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಹೈಸ್ಕೂಲ್ ಅಂಥದ್ದೊಂದು. ಬೆಳಗಿನ ಜಾವ ಎದ್ದು ದುಡಿದ ಹುಡುಗ ಸಂಜೆ ಪುಸ್ತಕ ಹಿಡಿದು ಹೊರಡಬೇಕು. ಗಿರಾಕಿ ತುಂಬಿದ ಹೊತ್ತಿನಲ್ಲಿ ಮಾಲೀಕ ಬಿಟ್ಟುಕೊಡಬೇಕು. ಬಿಡುವಂತೆ ಹೇಳಿ ಒಪ್ಪಿಸಲು ಯಾರಾದರೂ ಹೋಗಬೇಕು. ಈ ಓಡಾಟಕ್ಕೆ ಸುಲಭವಾಗಿ ಸಿಗುತ್ತಿದ್ದವನು ಅದೇ ಶಾಲೆಯಲ್ಲಿ ಎರಡು ವರ್ಷ ಮೊದಲು ಓದಿದ ಇನ್ನೊಬ್ಬ ಹುಡುಗ. ಅವನಿಗೆ ಹೋಟೆಲಿನ ಹಿಂಬಾಗಿಲೂ ಗೊತ್ತು, ಮಾಲೀಕನ ಮೂಡೂ ಗೊತ್ತು.

ಎಸ್‌ಎಸ್‌ಸಿ (ಹತ್ತನೇ ತರಗತಿ ಮಟ್ಟದ ಪರೀಕ್ಷೆ) ಪಾಸಾದವರು ಗುಮಾಸ್ತರಾದರು, ಕ್ಯಾಂಟೀನ್ ಹಿಡಿದರು, ಸ್ವಂತ ಹೋಟೆಲ್ ಹಾಕಿದರು. ಅವರೇ ಮುಂದೆ ಸಂಘದ ಪದಾಧಿಕಾರಿಗಳಾದರು. ಮೊಗವೀರ ಬ್ಯಾಂಕ್ 1946ರಲ್ಲಿ, ಬಿಲ್ಲವರ ಭಾರತ್ ಬ್ಯಾಂಕ್ 1978ರಲ್ಲಿ ಶುರುವಾದವು. ಇಂಥ ಸಹಕಾರಿ ಬ್ಯಾಂಕುಗಳನ್ನು ಕಟ್ಟುವ ಧೈರ್ಯ ಸುಮ್ನೆ ಬರುವುದಿಲ್ಲ. ಸಣ್ಣ ವಯಸ್ಸಿನಲ್ಲೇ ಸಂಘದ ಲೆಕ್ಕ ಬರೆದವನಿಗೆ, ಮನೆಮನೆಗೆ ಹೋಗಿ ವಂತಿಗೆ ಎತ್ತಿದವನಿಗೆ ಬರುತ್ತದೆ.

ಇತ್ತ ಸರಕಾರವೂ ಕಾಲೇಜು ಹುಡುಗರನ್ನು ಗಮನಿಸಿತು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಏಳು ದಿನದ ಒಂದು ಶಿಬಿರ. ಯೋಜನೆ ಒಳ್ಳೆಯದೇ. ಆದರೆ ಗಂಟೆ ಎಣಿಸಿ ಸರ್ಟಿಫಿಕೇಟ್ ಕೊಡುವ ಅಭ್ಯಾಸವೂ ಜೊತೆಗೇ ಬಂತು ಅನ್ನಿಸುತ್ತದೆ.

ನಂತರದ ದಶಕಗಳಲ್ಲಿ ಸಂಘದವರಿಗೆ ವಯಸ್ಸಾಯಿತು, ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಮನೆ ದೂರದ ಉಪನಗರಗಳಾದ ದಹಿಸರ್, ಡೊಂಬಿವಲಿ ಕಡೆ ಸರಿಯಿತು. ನಗರದೊಳಗಿನ ಮಾತುಂಗದ ಸಭೆಗೆ ಲೋಕಲ್ ರೈಲು ಹಿಡಿದು ಬಂದು ಹೋಗುವುದರಲ್ಲೇ ಭಾನುವಾರ ಮುಗಿಯುತ್ತದೆ. ಕನ್ನಡ ಓದಲು ಬಾರದ ಹುಡುಗನಿಗೆ ಒಂದು ತಾಸಿನ ಸ್ವಾಗತ ಭಾಷಣದಲ್ಲಿ ಏನಿದೆ? (ಓದಲು ಬರುವವರಿಗೂ ಏನಿಲ್ಲ, ಅದು ಬೇರೆ ಮಾತು.)

ಆದರೆ 2020ರ ಲಾಕ್‌ಡೌನಿನಲ್ಲಿ ಲೆಕ್ಕ ತಲೆಕೆಳಗಾಯಿತು. ಹೋಟೆಲ್ ಮುಚ್ಚಿತ್ತು, ಕೂಲಿ ನಿಂತಿತ್ತು. ಊರಿಗೆ ಹೋಗಲು ಕರ್ನಾಟಕ ಸರಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹೆಸರು ಹಾಕಬೇಕಿತ್ತು. ಆಧಾರ್ ನಂಬರ್, ಓಟಿಪಿ, ಯಾವ ಜಿಲ್ಲೆ, ಯಾವ ವಾಹನ. ಮೇ 18ರಂದು ಕರ್ನಾಟಕವು ಮಹಾರಾಷ್ಟ್ರದವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಹಾಕಿದಾಗ ಗೊಂದಲ ಇನ್ನೂ ಹೆಚ್ಚಾಯಿತು. ಮೂವತ್ತು ವರ್ಷ ಸಂಘ ನಡೆಸಿದ ಅಣ್ಣಂದಿರು, ಮಾವಂದಿರು ಆಗ ಮೊಬೈಲ್ ಹಿಡಿದ ಮಕ್ಕಳ ಪಕ್ಕ ಕೂರಬೇಕಾಯಿತು. ಯಾವ ರೂಮಿನಲ್ಲಿ ಯಾರಿದ್ದಾರೆ ಎಂಬುದು ಹಿರಿಯರಿಗೆ ಗೊತ್ತು, ಫಾರ್ಮ್ ತುಂಬುವುದು ಮಕ್ಕಳಿಗೆ ಗೊತ್ತು. ಕನ್ನಡ ಓದಲು ಬಾರದಿದ್ದರೂ ಅವರ ಕೆಲಸ ನಿಲ್ಲಲಿಲ್ಲ.

ಇವತ್ತಿನ ಅಗತ್ಯವೂ ಅಂಥದ್ದೇ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ ಇದೆ ಎನ್ನಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಬಿಡಬೇಕಾದ ಶೇ. 25ರ ಸೀಟಿಗೆ ಅವರ ಮಗುವಿನ ಅರ್ಜಿ ಆನ್‌ಲೈನ್‌ನಲ್ಲೇ ಹೋಗಬೇಕು. ಮರಾಠಿ ಸುತ್ತೋಲೆ ಓದಿ, ಆ ತಾಯಿಗೆ ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಫಾರ್ಮ್ ತುಂಬುವವರು ಯಾರು? ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳೇ, ಅಲ್ವಾ? ಅವರ ಕನ್ನಡ ಅರೆಬರೆ ಎಂದು ನಗುವ ನಾವು ಅವರ ಮರಾಠಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನು ಅಧಿಕಾರದ ಮಾತು. ಟ್ರಸ್ಟ್ ಆಗಿ ನೋಂದಾಯಿಸಿದ ಸಂಘದಲ್ಲಿ ಟ್ರಸ್ಟಿಗಳು ಬದಲಾದರೆ ಮಹಾರಾಷ್ಟ್ರದ 1950ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ ಪ್ರಕಾರ 90 ದಿನದೊಳಗೆ ಟ್ರಸ್ಟ್‌ಗಳ ಮೇಲ್ವಿಚಾರಣೆ ನೋಡುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಕೊಡಬೇಕು. ಯುವ ವಿಭಾಗದ ಕಾರ್ಯಾಧ್ಯಕ್ಷ ಬದಲಾದರೆ ಈ ಕಾಗದದ ಅಗತ್ಯವೇ ಇಲ್ಲ. ಯಾಕೆಂದರೆ ಅವನ ಹೆಸರು ಟ್ರಸ್ಟಿಗಳ ಪಟ್ಟಿಯಲ್ಲಿ ಇರುವುದಿಲ್ಲ. ಹಣ, ಜಾಗ, ಶಾಲೆ ಯಾವುದರ ತೀರ್ಮಾನದಲ್ಲೂ ಅವನ ಸಹಿ ಬೇಕಿಲ್ಲ. ಸಂಘ ಕಟ್ಟಿದ ತಲೆಮಾರಿಗೆ ಇಪ್ಪತ್ತರ ಆಸುಪಾಸಿನಲ್ಲೇ ಸಿಕ್ಕಿದ್ದ ಜವಾಬ್ದಾರಿ ಈಗ ನಲವತ್ತೈದು ದಾಟಿದ ಮೇಲೆ ಸಿಗುತ್ತಿದೆ. ಅಷ್ಟು ಹೊತ್ತಿಗೆ ಹೆಚ್ಚಿನವರು ಪುಣೆಗೋ ದುಬೈಗೋ ಹೋಗಿಯಾಗಿರುತ್ತದೆ.